ನಾವೂ ನಮ್ಮ ಅಗ್ಗಿಷ್ಟಿಕೆಯೂ

ದಿಲ್ಲಿಯಲ್ಲಿದ್ದೇವೆ ಎಂದೊಡನೆಯೇ ಊರಿನ ಕಡೆಯವರು ಕೇಳುವುದು ಬೇಸಗೆಯ ಮಾತನ್ನು. "ಅಲ್ಲಿ ಬಿಸಿಲು ತಡೆಯುವುದಕ್ಕಾಗುವುದಿಲ್ಲವಂತೆ, ಹೌದೇ?" ಎನ್ನುತ್ತಾರೆ. ಹೌದೆಂದು ನಾವೂ ನಾಲ್ಕು ಮಾತು ಸೇರಿಸಿ ಹೇಳುತ್ತೇವೆ. ಆದರೆ ದಕ್ಷಿಣದಿಂದ ಬಂದ ನಮ್ಮಂಥವರನ್ನು ಒರೆಗೆ ಹಚ್ಚಿ ನೋಡುವುದು ಬೇಸಗೆಯಲ್ಲ, ಚಳಿಗಾಲ. ಬಿಸಿಲಿಗೆ ನೆರಳು ಪುಕ್ಕಟೆಯಾಗಿ ಸಿಗುತ್ತದೆ. ಚಳಿಗೆ ಬೆಂಕಿ ಬೇಕು. ಬೆಂಕಿಗೆ ಉರುವಲು ಬೇಕು. ಉರುವಲಿಗೆ ದುಡ್ಡು ಬೇಕು. ದುಡ್ಡಿದ್ದರೂ ಉರುವಲು ಸಿಗದ ಕಾಲವೊಂದು ಬಂದರೆ ಏನು ಗತಿ ಎಂಬುದನ್ನು ನಾವು ಕಂಡುಂಡವರು. ಆ ಕಥೆಯನ್ನು ಈಗಿನ ಮಕ್ಕಳಿಗೆ ಹೇಳಿಟ್ಟರೆ ನಷ್ಟವೇನೂ ಇಲ್ಲವೆಂದು ಈ ಬರಹ.

ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಉಷ್ಣಾಂಶ 15 ಡಿಗ್ರಿಗೆ ಇಳಿದರೆ ನಾವು ಕಿವಿಗೆ ಮಫ್ಲರು ಸುತ್ತಿಕೊಳ್ಳುವ ಜನ. ಕರಾವಳಿಯ ಕಡೆಯವರಿಗಂತೂ ಸ್ವೆಟರು ಎಂಬುದು ಚಿತ್ರದಲ್ಲಿ ನೋಡುವ ವಸ್ತು. ದಿಲ್ಲಿಯಲ್ಲಿ ಜನವರಿಯ ರಾತ್ರಿಗಳ ಸರಾಸರಿಯೇ 7 ಡಿಗ್ರಿಯ ಆಸುಪಾಸು. ಕೆಟ್ಟ ರಾತ್ರಿಗಳಲ್ಲಿ 3, 4ಕ್ಕೂ ಇಳಿಯುವುದುಂಟು. ಮಂಜು ಮುಸುಕಿದ ದಿನ ಸೂರ್ಯನ ಮುಖವೇ ಕಾಣದೆ ಹಗಲೂ ರಾತ್ರಿಯಂತೆಯೇ ಕೊರೆಯುತ್ತದೆ. ಇದಕ್ಕಿಂತ ಹೆಚ್ಚು ಚಳಿಯ ದೇಶಗಳು ಬೇಕಾದಷ್ಟಿವೆ. ಆದರೆ ಅಲ್ಲಿ ಮನೆಗಳನ್ನು ಚಳಿಗೆಂದೇ ಕಟ್ಟುತ್ತಾರೆ. ನಮ್ಮ ಸರ್ಕಾರಿ ವಸತಿಗಳನ್ನು ಕಟ್ಟಿದವರು ಬೇಸಗೆಯೊಂದನ್ನೇ ಕಣ್ಣ ಮುಂದೆ ಇಟ್ಟುಕೊಂಡಿದ್ದರು. ಎತ್ತರದ ಮಾಳಿಗೆ, ಸಿಮೆಂಟಿನ ನೆಲ, ಗೋಡೆಯ ನೆತ್ತಿಯಲ್ಲಿ ಗಾಳಿಗಿಂಡಿ, ಸರಿಯಾಗಿ ಕೂಡದ ಬಾಗಿಲು. ಮೇ ತಿಂಗಳಲ್ಲಿ ಇವೆಲ್ಲ ವರ; ಜನವರಿಯಲ್ಲಿ ಶಾಪ. ಇಂಥ ಕೋಣೆಯನ್ನು ಕಾಯಿಸುತ್ತೇವೆಂದು ಹೊರಡುವುದು ಊರ ಕೆರೆಗೆ ಸಕ್ಕರೆ ಹಾಕಿ ಪಾನಕ ಮಾಡಿದ ಹಾಗೆ. ಕೋಣೆಯನ್ನು ಬಿಡು, ಮನುಷ್ಯನನ್ನು ಕಾಯಿಸು: ಇದು ದಿಲ್ಲಿಯವರ ಹಳೆಯ ಸೂತ್ರ.

ಆ ಸೂತ್ರದ ಸಾಧನ ಅಂಗೀಠಿ. ಈ ಹೆಸರನ್ನು ಮೊದಲು ಕೇಳಿದಾಗ ನಮಗೆ ಪರಭಾಷೆಯೆನಿಸಿತ್ತು. ಆಮೇಲೆ ತಿಳಿಯಿತು, ಅದು ನಮ್ಮ ಅಗ್ಗಿಷ್ಟಿಕೆಯ ಒಡಹುಟ್ಟೇ. ಎರಡೂ ಸಂಸ್ಕೃತದ ಅಗ್ನಿಷ್ಠಿಕೆಯ ಮಕ್ಕಳು. ಒಬ್ಬಳು ದಕ್ಷಿಣಕ್ಕೆ ಬಂದಳು, ಒಬ್ಬಳು ಉತ್ತರದಲ್ಲೇ ಉಳಿದಳು. ನಮ್ಮ ಮನೆಯಲ್ಲಿದ್ದದ್ದು ತಗಡಿನ ಹಳೆಯ ಬಕೀಟು. ಅದರ ಬುಡದ ಮಗ್ಗುಲಲ್ಲಿ ಗಾಳಿಗೊಂದು ಕಂಡಿ ಕೊರೆದು, ನಡುವೆ ಕಬ್ಬಿಣದ ಸರಳುಗಳನ್ನು ಕೂಡಿಸಿ, ಒಳಗೆಲ್ಲ ಜೇಡಿಮಣ್ಣು ಮೆತ್ತಿದರೆ ಅಂಗೀಠಿ ಸಿದ್ಧ. ಸರಳಿನ ಮೇಲೆ ಬೆರಣಿಯ ಚೂರು, ಅದರ ಮೇಲೆ ಚಕ್ಕೆ, ಅದರ ಮೇಲೆ 'ಪತ್ಥರ್ ಕಾ ಕೋಯ್ಲಾ', ಅಂದರೆ ಹೊಗೆಯನ್ನು ಅರ್ಧ ಸುಟ್ಟು ಕಳೆದ ಕಲ್ಲಿದ್ದಲು. ಹೊತ್ತಿಸುವುದು ಮನೆಯ ಹೊರಗೆ. ಮೊದಲ ಅರ್ಧ ಗಂಟೆ ಬರೀ ಹೊಗೆ. ಸಂಜೆಯ ಹೊತ್ತು ಸಾಲು ಸಾಲು ಮನೆಗಳ ಮುಂದೆ ಸಾಲು ಸಾಲು ಬಕೀಟುಗಳು ಹೊಗೆಯುಗುಳುತ್ತಿದ್ದರೆ ಬಡಾವಣೆಗೆ ಬಡಾವಣೆಯೇ ಹೋಮಕ್ಕೆ ಕುಳಿತಂತೆ ಕಾಣುತ್ತಿತ್ತು. ಹೊಗೆಯಡಗಿ ಕೆಂಡ ನಿಗಿನಿಗಿ ಎಂದ ಮೇಲೆ ಒಳಗೆ ತಂದು ಅಡಿಗೆ, ಸ್ನಾನದ ನೀರು, ಕೊನೆಗೆ ಅದರ ಸುತ್ತ ಕೂತು ಕೈ ಕಾಯಿಸಿಕೊಳ್ಳುವುದು. ಒಂದು ಬೆಂಕಿಯಿಂದ ಮೂರು ಕೆಲಸ.

1973ರ ಚಳಿಗಾಲದಲ್ಲಿ ಈ ಬೆಂಕಿಗೇ ಕುತ್ತು ಬಂತು. ಆ ವರ್ಷ ಅಕ್ಟೋಬರ್ 6ರಂದು ಪಶ್ಚಿಮ ಏಷ್ಯದಲ್ಲಿ ಯುದ್ಧ ಹತ್ತಿಕೊಂಡಿತು. ಅರಬ್ ದೇಶಗಳು ಎಣ್ಣೆಯ ಉತ್ಪಾದನೆಯನ್ನು ಕಡಿತ ಮಾಡಿದುವು. 3 ಡಾಲರಿನ ಹತ್ತಿರವಿದ್ದ ಪೀಪಾಯಿಯ ಬೆಲೆ 1974ರ ಜನವರಿಯ ಹೊತ್ತಿಗೆ 11 ಡಾಲರನ್ನು ದಾಟಿತ್ತು. ನಮ್ಮ ದೇಶಕ್ಕೆ ಆಗ ಎಣ್ಣೆಯ ಬಹುಪಾಲು ಹೊರಗಿನಿಂದಲೇ ಬರಬೇಕಿತ್ತು. ಪೆಟ್ರೋಲು, ಸೀಮೆಎಣ್ಣೆಗಳ ಬೆಲೆ ಏರಿತು. ಅದನ್ನು ಪ್ರತಿಭಟಿಸಿ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಸೀಮೆಎಣ್ಣೆ ಸಿಕ್ಕದಿದ್ದರೆ ಕಲ್ಲಿದ್ದಲು ಇದೆಯಲ್ಲ ಎಂದುಕೊಂಡರೆ, ಎಲ್ಲರೂ ಅದನ್ನೇ ಅಂದುಕೊಂಡಿದ್ದರು. ಆ ಇದ್ದಲು ಝರಿಯಾ, ರಾಣಿಗಂಜ್ ಗಣಿಗಳ ಕಡೆಯಿಂದ ಸಾವಿರ ಕಿಲೋಮೀಟರಿಗೂ ಮಿಕ್ಕಿ ರೈಲಿನಲ್ಲಿ ಪ್ರಯಾಣ ಮಾಡಿ ಬರಬೇಕು. ವ್ಯಾಗನ್ನು ಬಂದ ದಿನ ಡಿಪೋ ತೆರೆದಿರುತ್ತಿತ್ತು. ಬಾರದ ದಿನ ತಕ್ಕಡಿಯ ಎರಡು ತಟ್ಟೆಗಳೂ ಗಾಳಿಗೆ ತೂಗುತ್ತಿದ್ದುವು. ಅಡಿಗೆ ಅನಿಲದ ಮಾತೇ ಬೇಡ. ಹೆಸರು ಬರೆಸಿ ವರ್ಷಗಟ್ಟಲೆ ಕಾದವರು ನಮ್ಮಲ್ಲಿ ಎಷ್ಟೋ ಮಂದಿ.

ನಮ್ಮದು ಆರು ಮನೆಗಳ ಒಂದು ಬ್ಲಾಕು. ಕೆಳಗೆ ಇಬ್ಬರು ಪಂಜಾಬಿಗಳು, ಒಬ್ಬರು ಬಂಗಾಳಿ. ಮೇಲೆ ನಾವು, ಧಾರವಾಡದ ಕಡೆಯ ಒಂದು ಸಂಸಾರ, ತಮಿಳರೊಬ್ಬರು. ಸೀಮೆಎಣ್ಣೆಯ ಕ್ಯೂನಲ್ಲಿ ನಮ್ಮ ದೇಶದ ಭಾಷೆಗಳೆಲ್ಲ ಡಬ್ಬ ಹಿಡಿದು ನಿಂತಿರುತ್ತಿದ್ದುವು. ನಾವು ಸೀಮೆಎಣ್ಣೆ ಎಂದರೆ ಧಾರವಾಡದವರು ಚಿಮಣಿ ಎಣ್ಣಿ ಎನ್ನುವರು. ಅಂಗಡಿಯವನಿಗೆ ಅದು ಮಿಟ್ಟಿ ಕಾ ತೇಲ್. ಹೆಸರು ಎಷ್ಟಿದ್ದರೇನು, ಅವನ ಉತ್ತರ ಒಂದೇ: "ಖತಮ್." ಬೆಳಗಿನ ಐದು ಗಂಟೆಗೆ ಮಂಜಿನಲ್ಲಿ ಡಬ್ಬ ಸಾಲಿಗಿಟ್ಟು, ಅದಕ್ಕೊಂದು ಕಲ್ಲಿನ ಗುರುತಿಟ್ಟು ಬಂದು, ಏಳಕ್ಕೆ ಮತ್ತೆ ಹೋಗಿ ನಿಲ್ಲುವುದು ನಮ್ಮ ಮನೆಯ ಗಂಡಸರ ಹೊಸ ಸಂಧ್ಯಾವಂದನೆಯಾಯಿತು. ಡಬ್ಬ ಕದ್ದವರಿಲ್ಲ. ಸಾಲು ಮುರಿಯಲು ಬಂದವರನ್ನು ಮಾತ್ರ ಹೆಂಗಸರು ಬಿಡುತ್ತಿರಲಿಲ್ಲ.

ಇಲ್ಲದಿರುವುದು ಎಷ್ಟು ವಿದ್ಯೆ ಕಲಿಸುತ್ತದೆಂಬುದನ್ನು ನಾವು ಆ ಎರಡು ತಿಂಗಳಲ್ಲಿ ಕಂಡೆವು. ಇದ್ದಲ ಮೂಟೆಯ ತಳದಲ್ಲಿ ಉಳಿಯುವ ಪುಡಿಯನ್ನು ಮೊದಲು ಚೆಲ್ಲುತ್ತಿದ್ದೆವು. ಈಗ ಅದು ಸಂಪತ್ತಾಯಿತು. ಪುಡಿಗೆ ಸ್ವಲ್ಪ ಜೇಡಿಮಣ್ಣನ್ನೂ ಸಗಣಿಯನ್ನೂ ಕಲಸಿ, ತಂಬಿಟ್ಟಿನ ಉಂಡೆ ಕಟ್ಟಿದಂತೆ ಕಟ್ಟಿ, ತಾರಸಿಯ ಬಿಸಿಲಿನಲ್ಲಿ ಒಣಗಿಸಿದರೆ ನಿಧಾನವಾಗಿ ಬಹಳ ಹೊತ್ತು ಉರಿಯುತ್ತದೆ. ಬಂಗಾಳಿ ಮನೆಯಾಕೆ ಇದರಲ್ಲಿ ನಿಪುಣೆ. ಇನ್ನು ಬಡಗಿಯ ಅಂಗಡಿಯ ಮರದ ಹೊಟ್ಟು. ಹೊಟ್ಟಿನ ಒಲೆಯನ್ನು ಮೈಸೂರು ಸೀಮೆಯವರಾದ ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಡಬ್ಬದ ನಡುವೆ ಒಂದು ಸೀಸೆ ನಿಲ್ಲಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ಗಿಡಿದು, ಸೀಸೆಯನ್ನು ಮೆಲ್ಲನೆ ಮೇಲೆತ್ತಿ, ಕೆಳಗಿನ ಕಂಡಿಯಿಂದ ಒಂದು ಕೊಳ್ಳಿ ತೋರಿಸಿದರೆ ಆಯಿತು. ಒಂದು ಹೊತ್ತಿನ ಅಡಿಗೆ ಮುಗಿದು ಹಾಲು ಕಾಯುವವರೆಗೂ ಉರಿಯುತ್ತಿತ್ತು. ಇದನ್ನು ಕಂಡು ಪಂಜಾಬಿ ಹೆಂಗಸರು ಬೆರಗಾಗುತ್ತಾರೆಂದು ನಾವು ಕಾದಿದ್ದೆವು. ಅವರಿಗೂ ಅದು ಗೊತ್ತಿತ್ತು!

ತಮಿಳು ಮಾಮಿಯವರು ಹುಲ್ಲಿನ ಪೆಟ್ಟಿಗೆ ಮಾಡಿದರು. ಚಹಾ ತುಂಬಿ ಬರುವ ಮರದ ಪೆಟ್ಟಿಗೆಯೊಳಗೆ ಒಣಹುಲ್ಲು, ಹಳೆಯ ವರ್ತಮಾನ ಪತ್ರಿಕೆ ತುಂಬಿ, ನಡುವೆ ಪಾತ್ರೆ ಕೂರುವಷ್ಟು ಜಾಗ ಬಿಡುವುದು. ನೆನೆಸಿಟ್ಟ ಬೇಳೆಯನ್ನು ಹತ್ತು ಹದಿನೈದು ನಿಮಿಷ ಕುದಿಸಿ, ಮುಚ್ಚಳ ಬಿಗಿದು, ಪೆಟ್ಟಿಗೆಯಲ್ಲಿಟ್ಟು ಮೇಲೆ ದಿಂಬು ಒತ್ತಿದರೆ, ಆಫೀಸಿನಿಂದ ಬರುವ ಹೊತ್ತಿಗೆ ಬೇಳೆ ತಾನಾಗಿ ಬೆಂದಿರುತ್ತಿತ್ತು. ಇದರಲ್ಲಿ ಮಾಟವೇನೂ ಇಲ್ಲ. ಬೇಯಲು ಬೇಕಾದದ್ದು ಬಿಸಿ, ಉರಿಯಲ್ಲ. ಬಿಸಿ ಹೊರಗೆ ಹೋಗದಂತೆ ಕಟ್ಟಿಹಾಕಿದರೆ ಉರಿಯ ಕೆಲಸ ಅರ್ಧ ಮುಗಿದಂತೆಯೇ. ರಜಾಯಿಯೂ ಮಾಡುವುದು ಇದನ್ನೇ. ಹತ್ತಿ ಬಿಸಿ ಕೊಡುವುದಿಲ್ಲ, ನಮ್ಮ ಮೈಯ ಬಿಸಿಯನ್ನು ಕಾಯ್ದಿಡುತ್ತದೆ. ಹಳೆಯ ಹತ್ತಿ ಗಂಟುಗಟ್ಟಿದರೆ ಅದರಲ್ಲಿ ಗಾಳಿ ನಿಲ್ಲದು. ಆದ್ದರಿಂದ ದೀಪಾವಳಿಗೆ ಮುಂಚೆಯೇ ಧುನಿಯಾ ತನ್ನ ಬಿಲ್ಲನ್ನು ಹೊತ್ತು ಬೀದಿಗೆ ಬರುತ್ತಿದ್ದ. ಅದರ ಟಂಯ್ ಟಂಯ್ ಸದ್ದೇ ನಮಗೆ ಚಳಿಗಾಲದ ಮಂಗಳವಾದ್ಯ.

ಸ್ನಾನದ್ದೇ ದೊಡ್ಡ ಸಮಸ್ಯೆ. ನಮ್ಮ ಅಮ್ಮ ತೀರ್ಥಹಳ್ಳಿಯ ಕಡೆಯವರು. ಅಲ್ಲಿ ಬಚ್ಚಲೊಲೆ ಆರಿದ್ದನ್ನು ಕಂಡವರಿಲ್ಲ. ಹಂಡೆಯ ತುಂಬ ಕುದಿಯುವ ನೀರು, ಕೊಟ್ಟಿಗೆಯ ತುಂಬ ಸೌದೆ, ಮಳೆಗಾಲಕ್ಕೆಂದು ಒಟ್ಟಿದ ಅಡಿಕೆ ಸೋಗೆ. ಅಂಥಲ್ಲಿ ಹುಟ್ಟಿ ಬೆಳೆದು, ವಯಸ್ಸಾದ ಮೇಲೆ ನಮ್ಮೊಡನಿರಲು ದಿಲ್ಲಿಗೆ ಬಂದವರು. ಬೆಳಗಿನ ಜಾವ ಬಿಸಿನೀರು ಮಿಂದು ಮಡಿಯುಟ್ಟು ದೇವರ ಮುಂದೆ ಕೂರುವುದು ಅರವತ್ತು ವರ್ಷದ ಅಭ್ಯಾಸ. ಉಬ್ಬಸದ ಮೈ ಬೇರೆ. ಮನೆಗೆ ಸಿಕ್ಕ ಇದ್ದಲಿನಲ್ಲಿ ಮೊದಲ ಪಾಲು ಅಮ್ಮನ ಸ್ನಾನಕ್ಕೆ, ಮಿಕ್ಕಿದ್ದು ಅಡಿಗೆಗೆ ಎಂದು ನಾವು ಲೆಕ್ಕ ಹಾಕಿಕೊಂಡಿದ್ದೆವು. ಲೆಕ್ಕ ಡಿಸೆಂಬರಿನ ಕೊನೆಯ ವಾರದವರೆಗೆ ನಡೆಯಿತು.

ಆ ವಾರ ಪಕ್ಕದ ಧಾರವಾಡದವರ ಮನೆಯಲ್ಲಿ ಹೆರಿಗೆಯಾಯಿತು. ತವರಿಗೆ ಹೋಗಬೇಕೆಂದಿದ್ದ ಹುಡುಗಿಗೆ ಪ್ರಯಾಣ ಕೂಡದೆಂದು ವೈದ್ಯರು ಹೇಳಿದ್ದರಿಂದ ಅವಳ ತಾಯಿಯೇ ಇಲ್ಲಿಗೆ ಬಂದಿದ್ದರು. ಕೂಸು ದಿನ ತುಂಬುವ ಮೊದಲೇ ಹುಟ್ಟಿದ್ದು, ಅಂಗೈಯಲ್ಲಿ ಹಿಡಿಯುವಷ್ಟು. ಆಸ್ಪತ್ರೆಯಿಂದ ಕಳುಹಿಸುವಾಗ "ಬೆಚ್ಚಗೆ ಇಟ್ಟುಕೊಳ್ಳಿ" ಎಂದು ಹೇಳಿ ಕಳುಹಿಸಿದ್ದರು. ಹೇಳುವುದು ಸುಲಭ. ಆ ಮನೆಯಲ್ಲಿ ಅಂದಿದ್ದದ್ದು ಅರ್ಧ ಬುಟ್ಟಿ ಇದ್ದಲು. ಬಾಣಂತಿಯ ತಾಯಿ ನಮ್ಮ ಅಮ್ಮನ ಹತ್ತಿರ ಬಂದು, "ಏನ್ ಮಾಡೂದ್ರೀ ಅಮ್ಮಾರ, ಕೂಸಿನ ಕಾಲು ತಣ್ಣಗ ಹತ್ತತಾವ" ಎಂದು ಸೆರಗಿನಿಂದ ಕಣ್ಣೊರಸಿಕೊಂಡರು.

ಅಮ್ಮ ಏನೂ ಮಾತಾಡಲಿಲ್ಲ. ಸಂಜೆ ನಮ್ಮ ಇದ್ದಲ ಡಬ್ಬವನ್ನು ತಾವೇ ನೂಕಿಕೊಂಡು ಬಾಗಿಲಿಗೆ ತಂದು, "ಇದನ್ನು ಆ ಮನೆಗೆ ಕೊಟ್ಟು ಬಾ" ಎಂದರು. ನಿಮ್ಮ ಸ್ನಾನಕ್ಕೇನು ಮಾಡುವುದಮ್ಮಾ ಎಂದರೆ, "ಆ ಹಸುಗೂಸಿಗೆ ಬಿಸಿನೀರಿಲ್ಲದಿರುವಾಗ ನನ್ನ ಮಡಿ ಯಾವ ದೇವರಿಗೆ ಬೇಕಾಗಿದೆ? ಸೂರ್ಯದೇವರು ಕಾಯಿಸಿಕೊಟ್ಟಾಗ ಮೀಯುತ್ತೇನೆ" ಎಂದರು. ಮರುದಿನದಿಂದ ತಾರಸಿಯ ಮೇಲೆ ಮಸಿ ಹಿಡಿದ ಎರಡು ಹಂಡೆಗಳನ್ನು ಬಿಸಿಲಿಗಿಟ್ಟೆವು. ಕಪ್ಪು ಪಾತ್ರೆ ಬಿಸಿಲನ್ನು ಬೇಗ ಹೀರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಬಿಸಿಯಲ್ಲದಿದ್ದರೂ ಕೊರೆಯದ ನೀರು ಸಿಗುತ್ತಿತ್ತು. ಮಂಜು ಕವಿದ ದಿನ ಕೈಪಂಪಿನ ನೀರು. ತೊಟ್ಟಿಯ ನೀರು ಗಾಳಿಯೊಡನೆ ತಣ್ಣಗಾದರೂ ನೆಲದೊಳಗಿನ ನೀರು ಚಳಿಗಾಲದಲ್ಲಿ ಹದವಾಗಿರುತ್ತದೆ. ಜಾವದ ಮಡಿ ಮಧ್ಯಾಹ್ನಕ್ಕೆ ಹೋಯಿತು. ದೇವರು ಮುನಿಸಿಕೊಂಡ ಲಕ್ಷಣ ಕಾಣಲಿಲ್ಲ.

ಅಮ್ಮನ ಡಬ್ಬ ಹೋದದ್ದನ್ನು ಕಂಡು ಇತರರೂ ಸುಮ್ಮನಿರಲಿಲ್ಲ. ಆರು ಮನೆಯ ಇದ್ದಲೂ ಒಟ್ಟಾಯಿತು. ಬೆಳಿಗ್ಗೆ ಎರಡೇ ಅಂಗೀಠಿ: ಒಂದರ ಮೇಲೆ ಮೂರು ಮನೆಯ ಬೇಳೆ ಒಂದೇ ಪಾತ್ರೆಯಲ್ಲಿ, ಇನ್ನೊಂದರ ಮೇಲೆ ಅನ್ನ, ರೊಟ್ಟಿ. ಒಗ್ಗರಣೆ ಮಾತ್ರ ಅವರವರ ಮನೆಯದು. ಒಂದೇ ಬೇಳೆ ಒಂದು ಮನೆಯಲ್ಲಿ ಸಾಂಬಾರು, ಇನ್ನೊಂದರಲ್ಲಿ ದಾಲ್, ಮತ್ತೊಂದರಲ್ಲಿ ಹುಳಿಯಾಗುತ್ತಿತ್ತು. ಸಂಜೆಯ ಕೆಂಡವೆಲ್ಲ ಬಾಣಂತಿಯ ಮನೆಗೆ.

ಇಲ್ಲಿ ಒಂದು ಕಗ್ಗಂಟು ಬಂತು. ಬಾಣಂತಿಯ ಕೋಣೆಗೆ ಗಾಳಿ ಸೋಕಬಾರದು, ಮಂಚದ ಕೆಳಗೆ ಅಗ್ಗಿಷ್ಟಿಕೆ ಇರಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಗಿಂಡಿಗಳಿಗೆಲ್ಲ ಬಟ್ಟೆ ತುರುಕಿ ಬಾಗಿಲು ಹಾಕಿ ರಾತ್ರಿಯೆಲ್ಲ ಕೆಂಡವಿಡಬೇಕೆಂದು ಆ ತಾಯಿ ಸಿದ್ಧವಾಗಿದ್ದರು. ಕೆಳಗಿನ ಮನೆಯ ಬೀಜಿ, 1947ರಲ್ಲಿ ಲಾಹೋರನ್ನು ಬಿಟ್ಟು ಬಂದವರು, ಅದನ್ನು ಕೇಳಿ ಮೆಟ್ಟಿಲು ಹತ್ತಿ ಬಂದು ಬಾಗಿಲಿಗೆ ಅಡ್ಡ ನಿಂತರು. ನಿರಾಶ್ರಿತರ ಶಿಬಿರದ ಚಳಿಗಾಲಗಳಲ್ಲಿ ಅಂಗೀಠಿಯನ್ನು ಒಳಗಿಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. "ಬೆಂಕಿಯೂ ಉಸಿರಾಡುತ್ತದೆ, ಮಗಳೇ. ಬಾಗಿಲು ಮುಚ್ಚಿದರೆ ಅದು ಮಗುವಿನ ಉಸಿರನ್ನು ತೆಗೆದುಕೊಳ್ಳುತ್ತದೆ" ಎಂದರು ಹಿಂದಿಯಲ್ಲಿ. ನಮ್ಮ ಅಮ್ಮನಿಗೆ ಹಿಂದಿ ಬಾರದು. ಆದರೆ ಆ ಮುಖವನ್ನು ನೋಡಿ ಅರ್ಥ ಮಾಡಿಕೊಂಡರು. ಬೀಜಿಯ ಪಕ್ಕದಲ್ಲಿ ತಾವೂ ಹೋಗಿ ನಿಂತರು. ಇಬ್ಬರು ಮುದುಕಿಯರ ಎದುರು ಯಾವ ಪದ್ಧತಿ ನಿಂತೀತು?

ಬೀಜಿ ಹೇಳಿದ್ದು ಶಾಸ್ತ್ರಸಮ್ಮತವೇ. ಗಾಳಿ ಸಾಲದ ಕಡೆ ಉರಿಯುವ ಇದ್ದಲು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ದ್ರವ್ಯವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಹಿಡಿದುಕೊಳ್ಳುತ್ತದೆ. ತಲೆ ಭಾರ, ಮಂಪರು, ಆಮೇಲೆ ಏಳದ ನಿದ್ದೆ. ಹೊಗೆ ಕಣ್ಣಿಗೆ ಚುಚ್ಚಿ ಎಬ್ಬಿಸುತ್ತದೆ. ಹೊಗೆಯಿಲ್ಲದ ಚೆಂದದ ಕೆಂಡ ಎಬ್ಬಿಸುವುದಿಲ್ಲ.

ಕಡೆಗೆ ಆದ ಏರ್ಪಾಡು ಇದು: ಸಂಜೆ ಎರಡು ಗಂಟೆ ಕಾಲ ಕೋಣೆಯಲ್ಲಿ ಅಂಗೀಠಿ, ಕಿಟಕಿ ಒಂದು ಗೇಣು ತೆರೆದು, ಯಾರಾದರೂ ಒಬ್ಬರು ಎಚ್ಚರವಿದ್ದು. ಮಲಗುವ ಮುನ್ನ ಅಂಗೀಠಿ ಹೊರಗೆ. ಕೆಂಡದ ಮಗ್ಗುಲಲ್ಲಿ ಕಾಯಿಸಿದ ಇಟ್ಟಿಗೆಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಕಾಲದೆಸೆಯಲ್ಲಿಡುವುದು, ಕೂಸಿನ ಮೈಗೆ ತಾಗದ ಹಾಗೆ. ಮಗುವನ್ನು ತೊಟ್ಟಿಲಲ್ಲಿ ಹಾಕದೆ ತಾಯಿಯ ಎದೆಗೇ ಅವಚಿ, ಮೇಲೆ ರಜಾಯಿ. "ತಾಯಿಯ ಎದೆಗಿಂತ ಒಳ್ಳೆಯ ಅಂಗೀಠಿ ಇಲ್ಲ" ಎಂಬುದು ಬೀಜಿಯ ಮಾತು. 1970ರ ದಶಕದ ಕೊನೆಗೆ ಕೊಲಂಬಿಯ ದೇಶದ ಬೊಗೊಟಾ ನಗರದ ವೈದ್ಯರು ದಿನ ತುಂಬದ ಕೂಸುಗಳನ್ನು ಹೀಗೆಯೇ ತಾಯಿಯ ಮೈಗೆ ಮೈ ತಾಗಿಸಿ ಉಳಿಸಿಕೊಳ್ಳುವ ಪದ್ಧತಿಯನ್ನು ಆರಂಭಿಸಿದರು. ಇಂದು ಅದು ಲೋಕವೆಲ್ಲ ಒಪ್ಪಿದ ಚಿಕಿತ್ಸೆ. ನಮ್ಮ ಬೀಜಿ ಅದನ್ನು ಓದಿರಲಿಲ್ಲ. ಓದುವುದಕ್ಕೆ ಆಗ ಅದು ಇರಲೂ ಇಲ್ಲ.

ಜನವರಿ 13ರ ಲೋಹ್ರಿಗೆ ಆ ವರ್ಷ ಬೀದಿಯ ಬೆಂಕಿ ಬಲು ಚಿಕ್ಕದಾಗಿತ್ತು; ಹುಡುಗರು ಮನೆ ಮನೆ ತಿರುಗಿ ಬೇಡಿ ತಂದದ್ದು ಮುರುಕು ಕುರ್ಚಿಯ ಕಾಲುಗಳನ್ನು. ಮರುದಿನ ಸಂಕ್ರಾಂತಿ. ಧಾರವಾಡದವರು ಕುಸುರೆಳ್ಳು ಕೊಟ್ಟರು, ನಾವು ಎಳ್ಳು ಬೆಲ್ಲ ಬೀರಿದೆವು. ಬಾಣಂತಿಯ ತಾಯಿ ಕೂಸಿನ ಅಂಗಾಲನ್ನು ಮುಟ್ಟಿ ನೋಡಲು ಅಮ್ಮನನ್ನು ಕರೆದರು. ಬೆಚ್ಚಗಿತ್ತು. ಆ ಕೂಸು ಈಗ ಮೊಮ್ಮಗುವನ್ನು ಕಾಣುವ ವಯಸ್ಸಿನ ಗೃಹಿಣಿ. ನಮ್ಮ ಸಂಘದ ಯುಗಾದಿಗೆ ಹೋಳಿಗೆಯ ಉಸ್ತುವಾರಿ ಅವಳದೇ. ಫೆಬ್ರವರಿ 19ಕ್ಕೆ ಮುಂಬಯಿಯ ಕಡಲಿನಲ್ಲಿ ಬಾಂಬೆ ಹೈ ಎಣ್ಣೆ ನಿಕ್ಷೇಪ ದೊರೆತ ಸುದ್ದಿ ಬಂದಾಗ ಸೀಮೆಎಣ್ಣೆಯ ಕ್ಯೂನಲ್ಲಿ ಪೇಡ ಹಂಚಿದರು. ಕ್ಯೂ ಮಾತ್ರ ಕರಗಲಿಲ್ಲ, ಚಳಿ ಕರಗಿತು.

ಆಮೇಲೆ ಕಾಲ ಬದಲಾಯಿತು. ಅನಿಲದ ಸಿಲಿಂಡರು ಬಂತು, ಗೀಜರು ಬಂತು, ಹೀಟರು ಬಂತು. ಅಂಗೀಠಿ ಗುಜರಿಗೆ ಹೋಯಿತು. ಆದರೂ ಕೊರತೆಯೆಂಬುದು ಒಂದೇ ದೇಶದ ಸೊತ್ತಲ್ಲ, ಒಂದೇ ಕಾಲದ್ದೂ ಅಲ್ಲ. 2022ರಲ್ಲಿ ಯೂಕ್ರೇನಿನ ಯುದ್ಧದಿಂದ ರಷ್ಯದ ಅನಿಲ ಯುರೋಪಿಗೆ ನಿಂತಾಗ ಜರ್ಮನಿಯಂಥ ಸಿರಿವಂತ ದೇಶದಲ್ಲಿ ಸರ್ಕಾರಿ ಕಛೇರಿಗಳನ್ನು 19 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದೆಂದು ನಿಯಮ ಮಾಡಿದರು. ಅಲ್ಲಿ ಕೆಲಸದಲ್ಲಿರುವ ನಮ್ಮ ಮೊಮ್ಮಗಳು ಫೋನಿನಲ್ಲಿ ಗೊಣಗಿದಾಗ ನಮಗೆ ನಗು ಬಂತು. ಕೋಣೆಯನ್ನು ಬಿಡು ಮಗಳೇ, ಮನುಷ್ಯನನ್ನು ಕಾಯಿಸು ಎಂದೆವು. ಅವಳು ಹುಲ್ಲಿನ ಪೆಟ್ಟಿಗೆಯ ಕ್ರಮವನ್ನು ಬರೆದುಕೊಂಡಳು.

ಈಗ ದಿಲ್ಲಿಯ ಸುತ್ತಿನ ರಾಜಧಾನಿ ಪ್ರದೇಶದಲ್ಲಿ ಕಲ್ಲಿದ್ದಲನ್ನು ಮನೆಗಳಲ್ಲೂ ಕಾರ್ಖಾನೆಗಳಲ್ಲೂ ಸುಡಕೂಡದೆಂದು 2023ರ ಜನವರಿ 1ರಿಂದ ಕಟ್ಟಳೆಯಾಗಿದೆ. ವಿದ್ಯುತ್ ಸ್ಥಾವರಗಳಿಗೆ ಮಾತ್ರ ವಿನಾಯಿತಿ. ಗಾಳಿ ಅಷ್ಟು ಕೆಟ್ಟಿದೆ, ಕಟ್ಟಳೆ ಸರಿಯಾದದ್ದೇ. ಆದರೆ ಉರುವಲ ಕೊರತೆ ತೀರಿತೆಂದು ತಿಳಿಯಬೇಡಿ. ಅದು ನಮ್ಮ ಅಡಿಗೆಮನೆಯಿಂದ ಎದ್ದು ನಮ್ಮ ಗೇಟಿನ ಹೊರಗೆ ಹೋಗಿ ಕೂತಿದೆ. ಹೀಟರಿನ ಮುಂದೆ ನಾವು ಈ ಪತ್ರಿಕೆ ಓದುತ್ತಿರುವಾಗ, ಕಾವಲುಗಾರ ತರಗೆಲೆ, ರಟ್ಟು, ಒಮ್ಮೊಮ್ಮೆ ಟಯರಿನ ಚೂರನ್ನೂ ಸುಟ್ಟು ರಾತ್ರಿ ಕಳೆಯುತ್ತಾನೆ. ಹೊಗೆ ಎದ್ದರೆ ನಾವೇ ದೂರು ಕೊಡುತ್ತೇವೆ. ಗಾಳಿ ಕೆಟ್ಟ ದಿನಗಳಲ್ಲಿ ಕಾವಲಿನವರು ಬೆಂಕಿ ಹಾಕದಂತೆ ವಸತಿ ಸಂಘಗಳೇ ಅವರಿಗೆ ವಿದ್ಯುತ್ ಹೀಟರು ಒದಗಿಸಬೇಕೆಂದು ನಿಯಮಾವಳಿಯಲ್ಲೇ ಇದೆ. ಓದಿದವರು ಕಡಿಮೆ, ಒದಗಿಸಿದವರು ಇನ್ನೂ ಕಡಿಮೆ.

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಈ ಡಿಸೆಂಬರಿಗೆ ಮುಂಚೆ ನಿಮ್ಮ ನಿಮ್ಮ ಬಡಾವಣೆಯ ಕಾವಲು ಗೂಡಿಗೆ ಒಮ್ಮೆ ಹೋಗಿ ನೋಡಿ. ಹೀಟರಿಗೆ ತಂತಿ ಇದೆಯೇ, ಗಾಳಿಗೆ ಕಿಟಕಿ ಇದೆಯೇ, ಹೊದೆಯಲು ರಜಾಯಿ ಇದೆಯೇ ಕೇಳಿ. ಮುಚ್ಚಿದ ಗೂಡಿನೊಳಗೆ ಕೆಂಡವಿಟ್ಟುಕೊಂಡು ಮಲಗಬಾರದೆಂಬುದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. ನಮ್ಮ ಪಾಲಿಗೆ ಅದನ್ನು ಹೇಳಲು ಒಬ್ಬರು ಮೆಟ್ಟಿಲು ಹತ್ತಿ ಬಂದಿದ್ದರು. ಈಗ ಮೆಟ್ಟಿಲು ಇಳಿಯುವ ಸರದಿ ನಮ್ಮದು.